ಮೊದಲು ಬಂದವನ ಹೆಂಡತಿ

ಚಿನಕುರಳಿಯಲ್ಲಿ ನಮ್ಮ ಮನೆತನದ ಬೇರು ಊರಿದವನು ಅಪ್ಪನ ಮುತ್ತಜ್ಜ. ನಾಗಮಂಗಲದ ಕಡೆಯಿಂದ ಒಬ್ಬನೇ ಬಂದ, ಕುಲುಮೆ ಹಾಕಿದ, ಇಲ್ಲಿಯ ಹುಡುಗಿಯನ್ನು ಮದುವೆಯಾದ, ಮಗ ಇನ್ನೂ ತೊಟ್ಟಿಲಲ್ಲಿರುವಾಗಲೇ ಜ್ವರ ಬಂದು ತೀರಿಕೊಂಡ. ನಮಗೆ ಗೊತ್ತಿದ್ದದ್ದು ಇಷ್ಟೇ. ಇಷ್ಟನ್ನೇ ಅಪ್ಪ ಸಾವಿರ ಸಲ ಹೇಳಿ ನನ್ನ ತಲೆ ತಿಂದಿದ್ದರು.

ಕುಲುಮೆಯ ಹೊಗೆ ಕುಡಿದು ಕುಡಿದು ಅಪ್ಪನ ಎದೆ ಹಾಳಾಗಿತ್ತು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅವರಿಗೆ ಒಂದೇ ಹಟ: ಸಾಯುವುದರೊಳಗೆ ಮೂಲದ ಮನೆ ನೋಡಬೇಕು, ಅಲ್ಲಿಯವರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಅಣ್ಣಂದಿರಿಗೆ ಪುರುಸೊತ್ತಿಲ್ಲ. ವಂಶವೃಕ್ಷದಲ್ಲಿ ಜಾಗವೇ ಇಲ್ಲದ ಮಗಳು ನಾನು, ಹುಡುಕುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ.

ನಮ್ಮವರು ತಾವು ಬಡಿದ ಕುಡುಗೋಲಿನ ಮೇಲೆಲ್ಲ ಒಂದು ಗುರುತು ಒತ್ತುತ್ತಿದ್ದರು: ಅರ್ಧಚಂದ್ರ, ಅದರ ಕೆಳಗೆ ಚುಕ್ಕಿ. ಹಳೆಯ ಕುಡುಗೋಲೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪಾಂಡವಪುರದ ಬಸ್ಸು, ಮೇಲುಕೋಟೆಯ ಬಸ್ಸು ಎಂದು ಹತ್ತಿ ಇಳಿದೆ. ಊರೂರಿನಲ್ಲಿ ಆಚಾರಿಗಳ ಮನೆ ಎಲ್ಲಿ ಎಂದು ಕೇಳುತ್ತಾ ಹೋದೆ. ಕೊನೆಗೆ ನಾಗಮಂಗಲದ ಆಚೆಯ ಒಂದು ಹಳ್ಳಿಯ ಆಚಾರಿ ಮನೆಯಲ್ಲಿ ಅದೇ ಗುರುತಿನ ಮಚ್ಚು ಸಿಕ್ಕಿತು. ಪಿತೃಪಕ್ಷದ ಎಡೆಯ ದಿನ ಬನ್ನಿ ಎಂದು ಆ ಮನೆಯ ಹಿರಿಯ ಸೊಸೆ, ಹಲ್ಲಿಲ್ಲದ ಮುದುಕಿ, ಕರೆದಳು. ಕಾರು ಮಾಡಿಕೊಂಡು ಅಪ್ಪನನ್ನು ಕರೆದೊಯ್ದೆ.

ನಡುಮನೆಯಲ್ಲಿ ಹಿರಿಯರಿಗೆಲ್ಲ ಎಲೆ ಹಾಕಿದ್ದರು. ಒಂದು ಎಲೆ ಮಾತ್ರ ಬೇರೆಯಾಗಿತ್ತು. ಅದರ ಮುಂದೆ ಕೆಂಪು ಸೀರೆ, ಕುಂಕುಮ, ಹಸಿರು ಬಳೆ. ಮುತ್ತೈದೆಯಾಗಿ ಸತ್ತವಳಿಗೆ ಮಾತ್ರ ಇಡುವ ಎಡೆ ಅದು.

"ಇದು ನಿಮ್ಮ ಮುತ್ತಜ್ಜ ಬುಟ್ಟೋದ ಎಂಡ್ತೀದು" ಎಂದಳು ಮುದುಕಿ. "ಕಬ್ಬುಣ ತತ್ತೀನಿ ಅಂತ ಓದೋನು ತಿರ್ಗಿ ಬರ್ನಿಲ್ಲ. ಮೊಮ್ಮಕ್ಕಳ್ನ ಎತ್ತಿ ಆಡ್ಸಿ, ತಲೆ ಬೆಳ್ಳಗಾದ್ಮೇಲೆ ಸತ್ಲು. ಬಳೆ ಮಾತ್ರ ತಗೀನಿಲ್ಲ. ಸಾವಿನ ಸುದ್ದಿ ಬರ್ನಿಲ್ವಲ್ಲ."

ಅಪ್ಪನಿಗೆ ಹೀಗೊಬ್ಬಳು ಇದ್ದದ್ದೇ ಗೊತ್ತಿರಲಿಲ್ಲ. ಗೋಡೆ ಹಿಡಿದು ಕೂತುಬಿಟ್ಟರು.

"ನಿಮ್ಗೆ ಗೊತ್ತಿರ್ಬೇಕಲ್ಲಪ್ಪ, ಆತ ಸತ್ತಿದ್ದು ಯಾವಾಗ? ಚಿಕ್ಕ ವಯಸ್ಸಲ್ಲೇ ಓದ್ನಾ, ಇಲ್ಲ ಭಾಳ ಕಾಲ ಬದ್ಕಿದ್ನಾ?"

ಮುದುಕಿ ಕೇಳಿದ್ದು ಏನು ಎಂದು ಅಲ್ಲಿದ್ದವರಿಗೆಲ್ಲ ಅರ್ಥವಾಯಿತು. ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಒಮ್ಮೆ ಆ ಬಳೆಗಳ ಕಡೆ ನೋಡಿದರು.

"ತುಂಬ ಮುದುಕ್ರಾಗಿ ಓದ್ರಂತೆ ಕಣವ್ವಾ. ನೂರರ ಹತ್ರತ್ರ."

"ಅಂಗಾರೆ ಮುತ್ತೈದೆಯಾಗೇ ಓದ್ಲು ಬುಡು" ಎಂದು ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲೆಯ ಮುಂದೆ ಇನ್ನೊಂದು ಚಿಟಿಕೆ ಕುಂಕುಮ ಇಟ್ಟಳು. ಆಮೇಲೆ ನಮ್ಮನ್ನು ಊಟಕ್ಕೆ ಎಬ್ಬಿಸಿದಳು. ಪಂಕ್ತಿಯ ಮೊದಲ ಎಲೆ ಅಪ್ಪನಿಗೆಂದೇ ಹಾಕಿಸಿದ್ದಳು.

ಡಾಕ್ಟರು ಪಥ್ಯ ಹೇಳಿದ್ದಾರೆ ಎಂದು ಅಪ್ಪ ಕೈಮುಗಿದು ಹೊರಗೆ ಬಂದರು. ಎಷ್ಟು ಬೇಡಿಕೊಂಡರೂ ಕೂರಲಿಲ್ಲ.

ಕಾರಿನಲ್ಲಿ ನಾನು ರೇಗಿದೆ. ಈ ಒಂದು ತುತ್ತಿಗಾಗಿಯೇ ಅಲ್ಲವೇ ನನ್ನನ್ನು ಊರೂರು ಅಲೆಸಿದ್ದು ಎಂದೆ.

"ಸುಳ್ಳಾಡಿದ ಬಾಯಿ ಮಗಾ. ಇದ್ರಲ್ಲಿ ಆ ಮನೆ ಅನ್ನ ಎಂಗೆ ಉಣ್ಣಲಿ?" ಎಂದರು ಅಪ್ಪ. ದಾರಿಯುದ್ದಕ್ಕೂ ಕೆಮ್ಮಿದರು, ಅತ್ತರು.

ಆ ಚಳಿಗಾಲದಲ್ಲೇ ಹೋದರು. ಮುಂದಿನ ಪಿತೃಪಕ್ಷಕ್ಕೆ ಆ ಮನೆಯವರೆಲ್ಲ ನಮ್ಮಲ್ಲಿಗೆ ಬಂದಿದ್ದರು. ಅಪ್ಪನ ಎಡೆಗೆ ಕೈಮುಗಿದು, ನಮ್ಮ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಂಡರು.