ನಾಗೇಂದ್ರಪ್ಪನ ಅಸಲಿ ಹೆಬ್ಬೆರಳು

ಮೊಳಕಾಲ್ಮುರಿನ ನೇಕಾರ ನಾಗೇಂದ್ರಪ್ಪ ಯಾರನ್ನೂ ನಂಬಿದವನಲ್ಲ. ಯಾವ ರೇಷ್ಮೆ ತಂದರೂ ಒಂದೆಳೆ ಸುಟ್ಟು ಮೂಸುತ್ತಾನೆ. ಸುಟ್ಟ ಕೂದಲಿನ ವಾಸನೆ ಬಂದರೆ ಅಸಲಿ, ಪ್ಲಾಸ್ಟಿಕ್ಕಿನ ವಾಸನೆ ಬಂದರೆ ನಕಲಿ. ತನ್ನ ಮದುವೆಯ ದಿನ ಹೆಂಡತಿಯ ಸೆರಗಿನಿಂದಲೂ ಎಳೆ ಕಿತ್ತು ಸುಟ್ಟ ಪುಣ್ಯಾತ್ಮ.

ಹೋದ ವರ್ಷ ಚಾವಣಿಯ ತಗಡು ಕುಯ್ದು ಅವನ ಹೆಬ್ಬೆರಳಿನ ನರ ತುಂಡಾಯಿತು. ಡಾಕ್ಟರು ರೇಷ್ಮೆಯಿಂದಲೇ ಮಾಡಿದ ಮೆತ್ತನೆಯ ಜೆಲ್ಲಿನ ಸಣ್ಣ ಕೊಳವೆಯನ್ನು ನರದ ಎರಡು ತುದಿಗಳ ನಡುವೆ ಇಟ್ಟು ಹೊಲಿದರು. ನರ ಅದರೊಳಗೆ ಮೆಲ್ಲಗೆ ಬೆಳೆದು ಕೂಡಿಕೊಳ್ಳುತ್ತದೆ, ಆಮೇಲೆ ರೇಷ್ಮೆ ತಾನಾಗಿ ಕರಗುತ್ತದೆ, ಅವಸರ ಬೇಡ ಎಂದರು.

ತಿಂಗಳುಗಳು ಕಳೆದರೂ ಬೆರಳು ಕೊರಡಿನಂತೆಯೇ ಇತ್ತು. ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ.

"ನಕಲಿ ರೇಷ್ಮೆ ಹಾಕವ್ರೆ ಕಣ್ರೀ," ಎಂದು ಪಕ್ಕದ ಮನೆಯಲ್ಲಿರುವ ನನ್ನ ತಲೆ ತಿನ್ನತೊಡಗಿದ. ಬೈದೆ. ಕೇಳುವ ಆಸಾಮಿಯೇ? ನಿನ್ನೆ ನನ್ನೆದುರೇ ಬೆಂಕಿಕಡ್ಡಿ ಗೀರಿ ಹೆಬ್ಬೆರಳಿಗೆ ಹಿಡಿದ.

"ಅಯ್ಯೋ ಅವ್ವಾ!"

ಹೆಂಡತಿ ನಿಂಗಕ್ಕ ಒಳಗಿನಿಂದ ಓಡಿಬಂದಳು. "ಉರೀತಾ? ನಿಜವಾಗ್ಲೂ ಉರೀತಾ?" ಎಂದು ಕುಣಿದಾಡಿದಳು. ನರ ಕೂಡಿತ್ತು! ಆ ಮಹಾರಾಯ ಅದನ್ನು ಕಿವಿಗೇ ಹಾಕಿಕೊಳ್ಳದೆ, ಬೆರಳು ಮೂಸಿ, "ಅಸಲಿ ಐತೆ," ಎಂದ.

"ಲೇ, ಸುಟ್ಟಿದ್ದು ನಿನ್ನ ಬೆರಳಿನ ಕೂದಲು ಕಣೋ! ಯಾರ ಬೆರಳು ಸುಟ್ರೂ ಅದೇ ವಾಸ್ನೆ ಬರ್ತೈತೆ!" ಎಂದು ರೇಗಿದೆ.

ಅವನು ಇನ್ನೊಂದು ಕಡ್ಡಿ ಗೀರಿದ.

"ಎಲ್ಲಿ, ನಿಮ್ದು ಕೊಡ್ರಿ ಇಲ್ಲಿ."