ಡಿಸ್ಕಿನ ತಪ್ಪಲ್ಲ

ಚಳ್ಳಕೆರೆಯ ನಮ್ಮ ಮನೆಯಲ್ಲಿ ವಿಡಿಯೋ ಗೇಮ್ ಆಡುವವರು ಇಬ್ಬರೇ: ನಾನು ಮತ್ತು ನನ್ನ ಮಾವ. ನನಗೆ ನಲವತ್ತಮೂರು, ಅವರಿಗೆ ಎಪ್ಪತ್ತು ದಾಟಿದೆ. ನೋಡಿದವರು ನಗುತ್ತಾರೆ, ನಗಲಿ. ಕುದಾಪುರದ ಕಡೆ ಕೆಲಸಕ್ಕಿದ್ದ ಒಂದು ಸಂಸಾರ ವರ್ಗವಾಗಿ ಹೊರಟಾಗ ಸೋಫಾದ ಜೊತೆಗೆ ಈ ಆಟದ ಪೆಟ್ಟಿಗೆಯನ್ನೂ ಹತ್ತು ಹನ್ನೆರಡು ಡಿಸ್ಕ್‌ಗಳನ್ನೂ ನಮಗೆ ಮಾರಿ ಹೋಗಿತ್ತು. ನನ್ನ ಗಂಡನಿಗೆ ಬೇಕಾಗಿದ್ದದ್ದು ಸೋಫಾ ಮಾತ್ರ. ಪೆಟ್ಟಿಗೆ ನಮ್ಮಿಬ್ಬರ ಪಾಲಾಯಿತು.

ಮಾವ ಲಾರಿ ಓಡಿಸಿದವರು. ಇಲ್ಲಿನ ಮಿಲ್ಲುಗಳಿಂದ ಕಡಲೆಕಾಯಿ ಎಣ್ಣೆ ತುಂಬಿಕೊಂಡು ಎಲ್ಲೆಲ್ಲಿಗೋ ಹೋಗಿ ಬಂದವರು. ಮಂಡಿ ಸವೆದು ಬ್ರೇಕ್ ಒತ್ತಲಾಗದೆ ಲಾರಿ ಮಾರಿದ ಮೇಲೆ ಮನೆಯಲ್ಲಿ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮಗನ ಸ್ಕೂಟರ್ ಗೊರಗೊರ ಅಂದರೂ ಅದು ನೇರ ಶೋರೂಮಿಗೆ ಹೋಗುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ನೋಡಿ.

ಆ ಡಿಸ್ಕ್‌ಗಳಲ್ಲಿ ಒಂದರಲ್ಲಿ ಲಾರಿ ಓಡಿಸುವ ಆಟವಿತ್ತು. ಘಾಟಿಯ ತಿರುವು, ಮಳೆ, ಎದುರಿಗೆ ನುಗ್ಗಿ ಬರುವ ಬಸ್ಸು. ಮಂಡಿಗೆ ಕೆಲಸವಿಲ್ಲ, ಹೆಬ್ಬೆರಳು ಆಡಿದರೆ ಸಾಕು. ಮಧ್ಯಾಹ್ನ ಊಟವಾದ ಮೇಲೆ ಅವರು ಡ್ರೈವರ್, ನಾನು ಕ್ಲೀನರ್. "ಎಡಕ್ಕೆ ಜಾಗ ಐತಾ ನೋಡವ್ವ" ಎಂದು ನನ್ನನ್ನು ಕೇಳಿಯೇ ತಿರುಗಿಸುತ್ತಿದ್ದರು. ಆ ಒಂದು ಗಂಟೆ ಅವರ ಮುಖ ನೋಡುವುದೇ ನನಗೆ ಆಟಕ್ಕಿಂತ ಹೆಚ್ಚಿನ ಖುಷಿ.

ದಸರಾ ಕಳೆದು ಎರಡು ವಾರಕ್ಕೆ ಆ ಡಿಸ್ಕ್ ಕೈಕೊಟ್ಟಿತು. ಹಾಕಿದರೆ ಒಳಗೆ ಸುಯ್ಯೆಂದು ತಿರುಗುತ್ತದೆ, ಕಟಕಟ ಅನ್ನುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಕೊನೆಗೆ ಡಿಸ್ಕ್ ಓದಲಾಗುತ್ತಿಲ್ಲ ಎಂಬ ಸಾಲು ಟಿ.ವಿ. ಮೇಲೆ ಬರುತ್ತದೆ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲು ಮಾವನ ಕೈ ನೋಡಿದೆ. "ಮಿರ್ಚಿ ತಿಂದ ಕೈಯಲ್ಲಿ ಮುಟ್ಟಿದ್ರೇನು?"

"ಅಂಚು ಹಿಡ್ಕೊಂಡೇ ಹಾಕ್ತೀನವ್ವ" ಎಂದರು.

ನಾನು ನಂಬಲಿಲ್ಲ. ಮೊಳಕಾಲ್ಮೂರಿನ ನೇಕಾರರ ಮನೆಯ ಮಗಳು ನಾನು. ಕನ್ನಡಕದಿಂದ ಕನ್ನಡಿಯವರೆಗೆ ಏನು ಒರೆಸುವುದಿದ್ದರೂ ನಮಗೆ ರೇಷ್ಮೆ ತುಂಡೇ ಆಗಬೇಕು. ತವರಿನಿಂದ ತಂದ ತುಂಡು ಹುಡುಕಿ, ತಟ್ಟೆ ಒರೆಸಿದ ಹಾಗೆ ಸುತ್ತ ಸುತ್ತ ಒರೆಸಿದೆ. ಆಮೇಲೆ ಮೊಬೈಲಿನಲ್ಲಿ ನೋಡಿದರೆ, ಹಾಗೆ ಒರೆಸಲೇಬಾರದಂತೆ, ನಡುವಿನಿಂದ ಅಂಚಿಗೆ ನೇರ ಎಳೆಯಬೇಕಂತೆ. ಹಾಗೂ ಮಾಡಿದೆ. ಕಿಟಕಿಯ ಬೆಳಕಿಗೆ ಹಿಡಿದು ಗೀರು ಹುಡುಕಿದೆ. ಕ್ರಿಕೆಟ್ ಆಟದ ಡಿಸ್ಕ್ ಹಾಕಿದೆ, ಅದು ಒಮ್ಮೆ ತಡವರಿಸಿ ಎರಡನೇ ಸಲಕ್ಕೆ ಓಡಿತು. ಅಲ್ಲಿಗೆ ಪೆಟ್ಟಿಗೆ ಚೆನ್ನಾಗಿದೆ, ತಪ್ಪೆಲ್ಲ ಲಾರಿ ಡಿಸ್ಕಿನದೇ ಎಂದು ತೀರ್ಪು ಕೊಟ್ಟುಬಿಟ್ಟೆ.

ಮಾವ ಪೆಟ್ಟಿಗೆಯ ಪಕ್ಕ ಕಿವಿ ಕೊಟ್ಟು ಕೂತಿದ್ದರು. "ಡಿಸ್ಕಿನ ತಪ್ಪಲ್ಲವ್ವ. ಸದ್ದು ಕೇಳು. ತಿರುಗೋದು ಸರಿಯಾಗೇ ತಿರುಗ್ತೈತೆ. ಏನೋ ಹುಡುಕ್ತೈತೆ, ಸಿಗ್ತಿಲ್ಲ ಅದಕ್ಕೆ."

"ಇದು ಲಾರಿ ಅಲ್ಲ ಮಾವ. ನಿಮಗಿದು ಗೊತ್ತಾಗಲ್ಲ, ಸುಮ್ನಿರ್ರಿ" ಎಂದೆ.

ಮರುದಿನದಿಂದ ನಾಲ್ಕು ದಿನ ಅವರು ಊಟ ಮುಗಿಸಿ ನೇರ ಜಗುಲಿಗೆ ಹೋಗಿ ಕೂತರು, ಟಿ.ವಿ. ಕಡೆ ತಿರುಗಿ ನೋಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರ ಮಾತಿಗೆ ಬೆಲೆ ಕೊಡದವರ ಸಾಲಿಗೆ ನಾನೂ ಸೇರಿದ್ದೆ. ಆ ನಾಲ್ಕು ದಿನ ಮಾಡಿದ ಅಡುಗೆ ನನಗೇ ರುಚಿಸಲಿಲ್ಲ.

ಆ ಡಿಸ್ಕನ್ನು ಓಡಿಸಿಯೇ ತೀರುತ್ತೇನೆಂಬ ಹಟಕ್ಕೆ ಬಿದ್ದು ಮೊಳಕಾಲ್ಮೂರಿಗೆ ಹೊರಟೆ. ತವರಿನಲ್ಲಿ ನನ್ನ ತಮ್ಮನ ಹತ್ತಿರವೂ ಅಂಥದ್ದೇ ಪೆಟ್ಟಿಗೆಯಿದೆ. ಡಿಸ್ಕಿಗೆ ಗೀರು ಬೀಳದಿರಲೆಂದು ಅದನ್ನು ರೇಷ್ಮೆಯಲ್ಲಿ ಸುತ್ತಿ ಊಟದ ಡಬ್ಬಿಯೊಳಗಿಟ್ಟು ಒಯ್ದೆ. ತಮ್ಮ ಅದನ್ನು ಹಾಕಿದ, ಒಂದೇ ಏಟಿಗೆ ಲಾರಿ ಘಾಟಿ ಹತ್ತತೊಡಗಿತು.

"ಬಾಗುಂದಿ ಕದಕ್ಕಾ, ಚೆನ್ನಾಗೇ ಐತಲ್ಲ, ಇದಕ್ಕೇನಾಗೈತೆ?" ಎಂದ. ಗಡಿಯ ಊರು, ಅರ್ಧ ತೆಲುಗಿಲ್ಲದೆ ಅವನಿಗೆ ಮಾತು ಹೊರಡುವುದಿಲ್ಲ.

ಲಾರಿ ಓಡುತ್ತಿದ್ದದ್ದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು, ನಾಚಿಕೆಯಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಾಪಸು ಬರುವಾಗ ಬಸ್ಸು ಬಿ.ಜಿ. ಕೆರೆಯಲ್ಲಿ ನಿಂತ ಹೊತ್ತಿಗೆ, ಹೇಗೆ ಹೇಳಲಿ ಎಂದು ಯೋಚಿಸುವುದನ್ನು ಬಿಟ್ಟೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ, "ಡಿಸ್ಕ್ ಸರಿ ಐತೆ ಮಾವ. ನೀವು ಹೇಳಿದ್ದೇ ಸರಿ. ಪೆಟ್ಟಿಗೆ ರಿಪೇರಿಗೆ ಒಯ್ಯಬೇಕು, ನೀವೂ ಬರ್ರಿ."

"ನಾನ್ಯಾಕವ್ವ? ಲಾರಿ ಅಲ್ಲಲ್ಲ ಅದು" ಎಂದರು.

ಆ ಏಟು ನನಗೆ ಸಲ್ಲತಕ್ಕದ್ದೇ. ಆದರೆ ಮರುದಿನ ಬೆಳಿಗ್ಗೆ ನಾನು ಆಟೋ ಕರೆದಾಗ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಪೇಟೆಯಲ್ಲಿ ಮಿಕ್ಸಿ, ರೇಡಿಯೋ, ಮೊಬೈಲ್ ಎಲ್ಲವನ್ನೂ ರಿಪೇರಿ ಮಾಡುವವರೊಬ್ಬರಿದ್ದಾರೆ. ಮನೆಮಾತು ಉರ್ದು, ಊರಿಗೆಲ್ಲ ಅವರು ಭಾಯ್. ಸ್ಕ್ರೂಡ್ರೈವರ್ ಎತ್ತಿಕೊಂಡವರನ್ನು ಮಾವ ತಡೆದರು.

"ಬಿಚ್ಚೋಕೆ ಮುಂಚೆ ಸದ್ದು ಕೇಳಪ್ಪ. ಮೋಟಾರು ಚೆನ್ನಾಗೈತೆ. ಓದೋ ಕಣ್ಣಿಗೇ ಏನೋ ಅಡ್ಡ ಬಂದಿರಬೇಕು."

ಭಾಯ್ ಡಿಸ್ಕ್ ಹಾಕಿ ಪೆಟ್ಟಿಗೆ ಓಡಿಸಿ, ಕಿವಿ ಹತ್ತಿರ ತಂದು ಕೇಳಿದರು. ಸ್ಕ್ರೂಡ್ರೈವರ್ ಕೆಳಗಿಟ್ಟು, ಮುಚ್ಚಳ ತೆಗೆದು, ಡಿಸ್ಕ್ ಎತ್ತಿ, ಒಳಗಿನ ಸಣ್ಣ ಗಾಜಿನ ಮೇಲೆ ಟಾರ್ಚ್ ಬಿಟ್ಟರು. "ಅಮ್ಮಾ, ಕಣ್ಣಿನ ಮೇಲೆಲ್ಲ ಬೂದಿ ಕೂತೈತೆ. ಪಕ್ಕದಲ್ಲಿ ಈ ಮೂರು ಗೆರೆ ಏನಿದು?"

ನನ್ನ ಮುಖ ಕೆಂಪಾಯಿತು. ನಮ್ಮ ತವರಿನಲ್ಲಿ ಆಯುಧ ಪೂಜೆಗೆ ಮಗ್ಗದ ಕಂಬಕ್ಕೆ ವಿಭೂತಿ ಹಚ್ಚಿ ಮುಗಿಸುವುದಿಲ್ಲ. ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿಗೂ ಹಚ್ಚಬೇಕು. ದುಡಿಯೋದಕ್ಕೆ ಪೂಜೆ, ನಿಂತಿರೋದಕ್ಕಲ್ಲ ಅನ್ನುತ್ತಿದ್ದಳು ನನ್ನವ್ವ. ಹಾಗೆಂದೇ ನಾನು ಹಬ್ಬದ ದಿನ ಈ ಪೆಟ್ಟಿಗೆಯ ಮುಚ್ಚಳ ತೆಗೆದು, ಗಾಜಿನ ಕಣ್ಣಿನ ಪಕ್ಕದಲ್ಲೇ ಮೂರು ಬೆರಳಿನಲ್ಲಿ ಎಳೆದಿದ್ದೆ. ಡಿಸ್ಕ್ ತಿರುಗಿದಾಗೆಲ್ಲ ಒಣಗಿದ ವಿಭೂತಿ ಹಾರಿ ಕಣ್ಣಿನ ಮೇಲೆ ಕೂತಿದೆ. ಡಿಸ್ಕ್ ಹಾಕುವಾಗೆಲ್ಲ ಆ ಗೆರೆಗಳು ನನಗೆ ಕಾಣುತ್ತಿದ್ದವು. ದೇವರ ವಿಭೂತಿಯ ಮೇಲೆ ಅನುಮಾನ ಪಡುವುದುಂಟೆ? ಮಾವನ ಕೈಯ ಮೇಲೆ ಮಾತ್ರ ಪಟ್ಟೆ.

ಎಲ್ಲ ಒಪ್ಪಿಕೊಂಡೆ. ಭಾಯ್ ನಕ್ಕರು. "ದುವಾ ಒಳ್ಳೇದೇ ಅಮ್ಮಾ. ಮುಂದಿನ ಸಲ ಮುಚ್ಚಳದ ಮೇಲೆ ಹಚ್ರಿ." ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಎರಡು ಸಲ ಒರೆಸಿದರು. ಅಂಗಡಿಯ ಟಿ.ವಿ.ಯಲ್ಲಿ ಲಾರಿ ಹೊರಟಿತು.

ನಾನು ಪೆಟ್ಟಿಗೆಯನ್ನು ಚೀಲಕ್ಕೆ ಹಾಕುತ್ತಿದ್ದೆ. ಭಾಯ್ ಒಳಗಿನಿಂದ ಒಂದು ಮಿಕ್ಸಿ ತಂದು ಮಾವನ ಮುಂದಿಟ್ಟರು. "ಯಜಮಾನ್ರೇ, ಇದು ಮೂರು ದಿನದಿಂದ ನನ್ನ ತಲೆ ತಿಂತೈತೆ. ಒಂಚೂರು ಕೇಳ್ರಿ."

ಮಾವ ಸ್ಟೂಲ್ ಎಳೆದು ಕೂತರು. "ನೀನು ಹೋಗಿರವ್ವ, ನಾನು ಬರ್ತೀನಿ" ಎಂದರು. ಬಂದದ್ದು ಮಧ್ಯಾಹ್ನ ಮೂರಕ್ಕೆ.

ಈಗ ದಿನಾ ತಿಂಡಿ ಮುಗಿಸಿ ಆ ಅಂಗಡಿಗೆ ಹೋಗುತ್ತಾರೆ. ಲಾರಿ ಆಟ ಪಕ್ಕಾ ಓಡುತ್ತದೆ, ಓಡಿಸುವವರಿಲ್ಲ. ಒಮ್ಮೊಮ್ಮೆ ನಾನೇ, ಒಂದು ಟ್ರಿಪ್ ಹೊಡೆದು ಹೋಗ್ರಿ ಮಾವ, ಎಂದು ಕರೆಯುತ್ತೇನೆ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ, "ಈಗಾಗಲ್ಲವ್ವ, ಕೆಲ್ಸ ಐತೆ" ಅನ್ನುತ್ತಾರೆ.