ಗಾಜು ಕೂರಿಸುವ ಅಡಿವೆಯ್ಯ

ಹಳಿಯಾಳದ ಅಡಿವೆಯ್ಯನವರಷ್ಟು ನಿಧಾನವಾಗಿ ಮೋಟಾರಿನ ಮುಂಗಾಜು ಬದಲಿಸುವವರು ಜಗತ್ತಿನಲ್ಲಿ ಇನ್ನೊಬ್ಬರಿರಲಾರರು. ಮುಂದಿನ ಮಳೆಗಾಲದೊಳಗೆ ಗಾಡಿ ಕೊಟ್ಟರೆ ಸಾಕೆಂದು ದಾಂಡೇಲಿ ಕಾಡಿನ ಡ್ರೈವರುಗಳು ನಗುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಅಳಿಸೀತೆಂದು ತಲೆಯನ್ನು ಹಿಂದಕ್ಕೆ ಎಳೆದುಕೊಂಡೇ ಅವರು ಚೌಕಟ್ಟಿನ ರಬ್ಬರು ಬಿಚ್ಚುತ್ತಿದ್ದರು. ಅದಕ್ಕೂ ಮೊದಲು ಒಡೆದ ಗಾಜನ್ನು ಬೆರಳಿನಿಂದ ಸವರಿ, "ಡ್ರೈವರ್ ಸುಳ್ಳ ಹೇಳ್ತಾನ, ಗಾಜ ಹೇಳೂದಿಲ್ಲ" ಎನ್ನುತ್ತಿದ್ದರು. ಕಲ್ಲು ತಾಗಿದ್ದೋ ಕೊಂಬೆ ಬಡಿದದ್ದೋ ಅವರ ಬೆರಳಿಗೆ ತಿಳಿಯುತ್ತಿತ್ತು. ಒಂದು ಮಧ್ಯಾಹ್ನ ಭೋಜಪ್ಪನೆಂಬ ಡ್ರೈವರು ಹಳೆಯ ಪಿಕಪ್ ಗಾಡಿ ತಂದು, "ಕುಳಗಿ ಹತ್ರ ಸಾಗವಾನಿ ಟೊಂಗಿ ಬಡೀತ್ರಿ" ಎಂದ. ಅಡಿವೆಯ್ಯ ಗಾಜು ಸವರಿದರು. ಎಡಗಡೆ, ಕುಳಿತವರ ಹಣೆಯ ಎತ್ತರದಲ್ಲಿ, ಅದು ಒಳಗಿನಿಂದ ಹೊರಕ್ಕೆ ಉಬ್ಬಿತ್ತು. ಬಿರುಕಿನಲ್ಲಿ ಮೊಳದುದ್ದದ ಕೂದಲೊಂದು ಸಿಕ್ಕಿಕೊಂಡಿತ್ತು. "ಬಾಜೂಕ ಯಾರ ಕುಂತಿದ್ರೋ?" "ಯಾರೂ ಇಲ್ರಿ, ನಾ ಒಬ್ಬನ ಇದ್ದೆ." ಅಡಿವೆಯ್ಯ ಹೊಸ ಗಾಜು ಕೂರಿಸಿ ಒರೆಸಿದರು. ಎಡಗಡೆ ಒಂದು ಮಬ್ಬು ಕಲೆ ಮಾತ್ರ ಹೋಗಲಿಲ್ಲ. ಅದು ಗಾಜಿನ ಒಳಮೈಯಲ್ಲಿತ್ತು. ಯಾರೋ ಹತ್ತಿರದಿಂದ ಉಸಿರು ಬಿಟ್ಟಂತೆ ಅಗಲವಾಗಿ, ಮತ್ತೆ ಕುಗ್ಗುತ್ತಿತ್ತು. ಗಾಡಿಯೊಳಗೆ ಯಾರೂ ಇರಲಿಲ್ಲ. ಭೋಜಪ್ಪ ಕಲೆ ನೋಡಿ ಹಿಂದೆ ಸರಿದ. "ಆಕಿ ಹೆಸರ ಹೇಳೋ ತಮ್ಮಾ" ಎಂದರು ಅಡಿವೆಯ್ಯ. "ಕಾಳಿಬಾಯಿರಿ, ಬಿದರ ಕಡಿಯಾಕಿ. ಗಾಡಿ ತಗ್ಗಿಗೆ ಬಿದ್ದಾಗ ಗಾಜಿಗೆ ಬಡಿದ್ಲು. ಅಂಜಿ ಕೋಗಿಲಬನದ ಹೊಳಿ ದಂಡಿಗೆ ಇಳಿಸಿ ಬಂದೇನಿ. ಆವಾಗ ಇನ್ನೂ ಉಸರ ಇತ್ರಿ." "ಹೋಗೂಣು ನಡಿ" ಎಂದ ಅಡಿವೆಯ್ಯ, ಎಡಗಡೆಯ ಸೀಟಿನಲ್ಲಿ ಕೂರದೆ, ಹಿಂದೆ ಕಟ್ಟಿಗೆ ಹೇರುವ ಜಾಗದಲ್ಲಿ ಹತ್ತಿ ನಿಂತರು.